ಡಿಜಿಟಲ್ ಸಂಗೀತ ಸಂಗ್ರಹದ ಫಾರ್ಮ್ಯಾಟ್ ಪರಿವರ್ತನೆ: ದೆಹಲಿ ಮತ್ತು ರಾಜಧಾನಿ ವಲಯ

ಒಂದು ಬಗೆಯ ಧ್ವನಿಕಡತದಲ್ಲಿರುವ ಸಂಗೀತವನ್ನು ಇನ್ನೊಂದು ಬಗೆಯ ಕಡತವಾಗಿ ಬರೆದುಕೊಳ್ಳುವುದಕ್ಕೆ ಫಾರ್ಮ್ಯಾಟ್ ಪರಿವರ್ತನೆ ಎನ್ನುತ್ತಾರೆ. ಸಿಡಿಯ ಹಾಡುಗಳನ್ನು ಫ್ಲಾಕ್ ಕಡತಗಳಾಗಿ ಇಳಿಸಿಕೊಳ್ಳುವುದು, ವೇವ್ ಕಡತದಿಂದ ಎಂಪಿ3 ತಯಾರಿಸುವುದು, ಹಳೆಯ ಎಂಪಿ3ಗಳನ್ನು ಎಎಸಿಗೆ ಬದಲಿಸುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಕಂಪ್ಯೂಟರಿನಲ್ಲಿ ಇದು ಕೆಲವೇ ನಿಮಿಷಗಳ ಕೆಲಸವಾದ್ದರಿಂದ ಸಂಗ್ರಹಕಾರರು ಇದನ್ನು ಹೆಚ್ಚು ಯೋಚಿಸದೆ ಮಾಡಿಬಿಡುತ್ತಾರೆ. ಆದರೆ ಕೆಲವು ಪರಿವರ್ತನೆಗಳನ್ನು ಹಿಂದಕ್ಕೆ ತಿರುಗಿಸಬಹುದು, ಕೆಲವನ್ನು ಎಂದೆಂದಿಗೂ ತಿರುಗಿಸಲಾಗದು. ತಿರುಗಿಸಲಾಗದ ಪರಿವರ್ತನೆಯ ನಂತರ ಮೂಲವನ್ನು ಅಳಿಸಿದರೆ ಸಂಗ್ರಹ ಅಷ್ಟರಮಟ್ಟಿಗೆ ಕುಗ್ಗಿತೆಂದೇ ಅರ್ಥ. ಈ ಲೇಖನದ ವಾದ ಹೀಗಿದೆ: ಪರಿವರ್ತನೆ ಯಾವಾಗಲೂ ನಷ್ಟವಿಲ್ಲದ ಒಂದು ಮೂಲಪ್ರತಿಯಿಂದ ಹೊರಟು ಬಳಕೆಯ ಪ್ರತಿಗಳ ಕಡೆಗೆ ಸಾಗಬೇಕು, ಬಳಕೆಯ ಪ್ರತಿ ಎಂದೂ ಮೂಲದ ಸ್ಥಾನಕ್ಕೆ ಏರಬಾರದು. ಈ ನಿಯಮ ಧ್ವನಿಗೆ ಅನ್ವಯಿಸುವಷ್ಟೇ ಧ್ವನಿಯೊಡನೆ ಇರುವ ಹೆಸರು, ರಾಗ, ತಾಳ, ಊರು, ದಿನಾಂಕಗಳಿಗೂ ಅನ್ವಯಿಸುತ್ತದೆ. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯ ಈ ವಿಷಯವನ್ನು ಪರಿಶೀಲಿಸಲು ತಕ್ಕ ಪ್ರದೇಶ. ಸಂಗೀತವನ್ನು ಕಾಪಾಡುವ ದೊಡ್ಡ ಸಂಸ್ಥೆಗಳೂ ಅದನ್ನು ಅಗ್ಗವಾಗಿ ಹಂಚಿದ ಉದ್ಯಮವೂ ಅಲ್ಲಿ ಅಕ್ಕಪಕ್ಕದಲ್ಲಿ ಬೆಳೆದಿವೆ.

ರಾಜಧಾನಿ ವಲಯದ ಸಂಗ್ರಹಗಳು

ದೆಹಲಿಯ ಸಂಸದ್ ಮಾರ್ಗದಲ್ಲಿರುವ ಆಕಾಶವಾಣಿಯ ಕೇಂದ್ರ ಧ್ವನಿಭಂಡಾರ ದೇಶದ ಸಂಗೀತ ಸಂಗ್ರಹಗಳಲ್ಲಿ ಪ್ರಮುಖವಾದದ್ದು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಲ್ಲಿ ಆರಂಭವಾಯಿತು. ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ಮೂರೂವರೆ ನಿಮಿಷ ಮಾತ್ರ ಹಾಡಲು ಸಾಧ್ಯವಿದ್ದ ಕಾಲ ಅದು. ರಾಗವನ್ನು ಸಾವಕಾಶವಾಗಿ ಬಿಡಿಸುವ ಅವಕಾಶ ಬಾನುಲಿಯಲ್ಲಿ ದೊರೆಯಿತು. ಧಾರವಾಡದಲ್ಲಿ 1950ರಲ್ಲಿ ಬಾನುಲಿ ಕೇಂದ್ರ ಶುರುವಾಯಿತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರಂಥ ಗಾಯಕರ ಪೀಳಿಗೆಗೆ ಬಾನುಲಿ ದೊಡ್ಡ ವೇದಿಕೆಯಾಯಿತು. ಹೀಗಾಗಿ ದೆಹಲಿಯ ಭಂಡಾರದ ಮೂಲಪ್ರತಿಗಳು ಹೇಗಿವೆ ಎಂಬ ಪ್ರಶ್ನೆ ಕನ್ನಡಿಗರಿಗೆ ದೂರದ ವಿಷಯವಾಗಲಾರದು. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ‘ರಾಗಂ’ ಎಂಬ ಇಪ್ಪತ್ನಾಲ್ಕು ಗಂಟೆಗಳ ಶಾಸ್ತ್ರೀಯ ಸಂಗೀತ ವಾಹಿನಿಯಂಥ ಪ್ರಯತ್ನಗಳಿಗೆ ಹಳೆಯ ಧ್ವನಿಮುದ್ರಣಗಳು ಡಿಜಿಟಲ್ ರೂಪಕ್ಕೆ ಬಂದಿರುವುದೇ ಆಧಾರ. ಮಂಡಿ ಹೌಸ್ ಬಳಿಯ ರವೀಂದ್ರ ಭವನದಲ್ಲಿ, 1953ರಲ್ಲಿ ಉದ್ಘಾಟನೆಯಾದ ಸಂಗೀತ ನಾಟಕ ಅಕಾಡೆಮಿಯ ದೃಶ್ಯಶ್ರಾವ್ಯ ಸಂಗ್ರಹವಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ನಡೆಸುವ ರಾಷ್ಟ್ರೀಯ ಸಾಂಸ್ಕೃತಿಕ ದೃಶ್ಯಶ್ರಾವ್ಯ ಭಂಡಾರವು ಡಿಜಿಟಲ್ ಕಡತಗಳನ್ನು ದೀರ್ಘಕಾಲ ವಿಶ್ವಾಸಾರ್ಹವಾಗಿ ಉಳಿಸುವುದಕ್ಕೆ ಸಂಬಂಧಿಸಿದ ಐಎಸ್‌ಒ 16363 ಮಾನಕದ ಪ್ರಮಾಣಪತ್ರವನ್ನು 2017ರಲ್ಲಿ ಪಡೆಯಿತು. ಜಗತ್ತಿನಲ್ಲಿ ಅದನ್ನು ಪಡೆದ ಮೊದಲ ಭಂಡಾರ ಅದು. ಅದರ ತಂತ್ರಾಂಶ ‘ಡಿಜಿಟಾಲಯ’ವನ್ನು ರೂಪಿಸಿದ್ದು ಪುಣೆಯ ಸಿ-ಡಾಕ್ ಸಂಸ್ಥೆ.

ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗೀಯ ಸಂಗೀತಶಾಸ್ತ್ರದ ದಾಖಲೆ ಮತ್ತು ಸಂಶೋಧನಾ ಕೇಂದ್ರವಿದೆ. ಸಂಗೀತ ವಿದ್ವಾಂಸ ನಜೀರ್ ಜೈರಾಜ್‌ಭಾಯ್ ಅವರ ಮುಂದಾಳತ್ವದಲ್ಲಿ 1982ರಲ್ಲಿ ಪುಣೆಯಲ್ಲಿ ಹುಟ್ಟಿದ ಈ ಕೇಂದ್ರ, ವಿದೇಶಿ ಸಂಶೋಧಕರು ಭಾರತದಲ್ಲಿ ಮಾಡಿಕೊಂಡು ಹೋದ ಧ್ವನಿಮುದ್ರಣಗಳ ಪ್ರತಿಗಳನ್ನು ದೇಶಕ್ಕೆ ಮರಳಿ ತರುವುದನ್ನು ಮುಖ್ಯ ಗುರಿಯಾಗಿಸಿಕೊಂಡಿತು. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ನೆಲದಲ್ಲಿ ಮಾಡಿದ ಮುದ್ರಣಗಳನ್ನು ಹಿಡಿದು ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಅದೇ ಜಾಡಿನಲ್ಲಿ ಮತ್ತೆ ಸಂಚರಿಸಿ, ಸುಮಾರು ಅರ್ಧ ಶತಮಾನದಲ್ಲಿ ಆ ಕಲೆಗಳಲ್ಲಿ ಉಳಿದದ್ದು ಎಷ್ಟು, ಬದಲಾದದ್ದು ಎಷ್ಟು ಎಂದು ಪರಿಶೀಲಿಸಿದರು. ರಾಜಧಾನಿ ವಲಯದ ಇನ್ನೊಂದು ಮುಖ ಉದ್ಯಮದ್ದು. ಗುಲ್ಶನ್ ಕುಮಾರ್ 1983ರಲ್ಲಿ ಸ್ಥಾಪಿಸಿದ ಸೂಪರ್ ಕ್ಯಾಸೆಟ್ಸ್ ಇಂಡಸ್ಟ್ರೀಸ್, ಅಂದರೆ ಟಿ-ಸೀರೀಸ್, ನೋಯ್ಡಾದಲ್ಲಿ ಬೇರೂರಿ ಕ್ಯಾಸೆಟ್ಟಿನ ಬೆಲೆಯನ್ನು ಸಾಮಾನ್ಯರ ಕೈಗೆಟುಕುವಂತೆ ಮಾಡಿತು. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಎಂಪಿ3 ಡಿಸ್ಕಿಗೆ, ಅಲ್ಲಿಂದ ಪೆನ್‌ಡ್ರೈವಿಗೆ ಸಾಗಿದ ಮನೆಮನೆಯ ಸಂಗ್ರಹಗಳು ಈ ಉದ್ಯಮದ ಬಳುವಳಿ. 2023ರಲ್ಲಿ ಅಮೃತ ಮಹೋತ್ಸವ ಆಚರಿಸಿದ ದೆಹಲಿ ಕರ್ನಾಟಕ ಸಂಘದ ಸುತ್ತ ಬೆಳೆದ ಕನ್ನಡ ಸಮುದಾಯಕ್ಕೆ ಊರಿನಿಂದ ತಂದ ಭಾವಗೀತೆ, ವಚನ, ದಾಸರ ಪದ, ಯಕ್ಷಗಾನಗಳ ಧ್ವನಿಸುರುಳಿಗಳು ಭಾಷೆಯ ಜೊತೆಗಿನ ದಿನನಿತ್ಯದ ನಂಟಾಗಿದ್ದವು.

ಫಾರ್ಮ್ಯಾಟ್‌ಗಳ ಮೂರು ವರ್ಗ

ಧ್ವನಿಕಡತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಕುಗ್ಗಿಸದ ಕಡತಗಳು: ಆಪಲ್ 1988ರಲ್ಲಿ ತಂದ ಎಐಎಫ್‌ಎಫ್, ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದ ವೇವ್, ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 1997ರಲ್ಲಿ ರೂಪಿಸಿದ ಬ್ರಾಡ್‌ಕಾಸ್ಟ್ ವೇವ್. ಎರಡನೆಯದು ನಷ್ಟವಿಲ್ಲದೆ ಕುಗ್ಗಿಸುವವು: ಜೋಶ್ ಕೋಲ್ಸನ್ 2001ರಲ್ಲಿ ಬಿಡುಗಡೆ ಮಾಡಿದ ಫ್ಲಾಕ್, 2004ರಲ್ಲಿ ಬಂದು 2011ರಲ್ಲಿ ಮುಕ್ತ ತಂತ್ರಾಂಶವಾದ ಆಪಲ್‌ನ ಅಲಾಕ್. ಇವು ಕಡತವನ್ನು ಸಾಮಾನ್ಯವಾಗಿ ಅರ್ಧಕ್ಕೆ ಹತ್ತಿರವಾಗಿ ಇಳಿಸುತ್ತವೆ. ಬಿಚ್ಚಿದಾಗ ಪ್ರತಿಯೊಂದು ಬಿಟ್ಟೂ ಮೊದಲಿನಂತೆಯೇ ಸಿಗುತ್ತದೆ. ಮೂರನೆಯದು ಕಿವಿಗೆ ಕೇಳಿಸದೆಂದು ಲೆಕ್ಕ ಹಾಕಿದ ಭಾಗವನ್ನು ಶಾಶ್ವತವಾಗಿ ತೆಗೆದುಹಾಕುವ ಕಡತಗಳು: ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮುಖ್ಯಪಾತ್ರ ವಹಿಸಿ ರೂಪಿಸಿದ, 1993ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಎಂಪಿ3, 1997ರ ಎಎಸಿ, 2002ರಲ್ಲಿ ಪೂರ್ಣರೂಪಕ್ಕೆ ಬಂದ ಆಗ್ ವೋರ್ಬಿಸ್, 2012ರಲ್ಲಿ ಮಾನಕವಾದ ಓಪಸ್. ಮೊದಲೆರಡು ವರ್ಗಗಳ ನಡುವೆ ಎಷ್ಟು ಬಾರಿ ಬೇಕಾದರೂ ಹೋಗಿಬರಬಹುದು. ಬಿಟ್ ಆಳ (ಪ್ರತಿ ಮಾದರಿಗೆ ಬಳಸುವ ಬಿಟ್ಟುಗಳು) ಮತ್ತು ಸ್ಯಾಂಪ್ಲಿಂಗ್ ದರ (ಸೆಕೆಂಡಿಗೆ ತೆಗೆಯುವ ಮಾದರಿಗಳು) ಎರಡನ್ನೂ ಬದಲಿಸದಿದ್ದರೆ ವೇವ್‌ನಿಂದ ಫ್ಲಾಕ್, ಫ್ಲಾಕ್‌ನಿಂದ ಅಲಾಕ್, ಅಲ್ಲಿಂದ ಮತ್ತೆ ವೇವ್ ಮಾಡಿದರೂ ಸಂಗೀತ ಒಂದಿಷ್ಟೂ ಬದಲಾಗುವುದಿಲ್ಲ. ಮೂರನೆಯ ವರ್ಗಕ್ಕೆ ಹೋಗುವ ದಾರಿ ಮಾತ್ರ ಏಕಮುಖ. ಎಂಪಿ3ಯನ್ನು ಫ್ಲಾಕ್ ಮಾಡಿದರೆ ಕಡತ ದೊಡ್ಡದಾಗುತ್ತದೆಯೇ ಹೊರತು ಕಳೆದುಹೋದದ್ದು ಮರಳುವುದಿಲ್ಲ.

ಎಂಪಿ3 ಹುಟ್ಟಿದ ಕಾರಣವನ್ನು ಅರಿತರೆ ಅದರ ಸ್ಥಾನವೂ ತಿಳಿಯುತ್ತದೆ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್, ಎರಡು ವಾಹಿನಿ. ಒಟ್ಟು ಸೆಕೆಂಡಿಗೆ 14,11,200 ಬಿಟ್. ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಮೆಗಾಬೈಟ್ ಬೇಕು. ತೊಂಬತ್ತರ ದಶಕದ ದೂರವಾಣಿ ತಂತಿಗೆ ಅಷ್ಟನ್ನು ಸಾಗಿಸುವ ಶಕ್ತಿ ಇರಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದೇ 1995ರ ಆಗಸ್ಟ್ 15ರಂದು. 2001ರಲ್ಲಿ ಬಂದ ಮೊದಲ ಐಪಾಡ್‌ನ ಒಟ್ಟು ಜಾಗ 5 ಗಿಗಾಬೈಟ್. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3ಯಲ್ಲಿ ಅದೇ ಒಂದು ಗಂಟೆ 58 ಮೆಗಾಬೈಟಿಗೆ ಇಳಿಯುತ್ತಿತ್ತು, 700 ಮೆಗಾಬೈಟಿನ ಒಂದು ಡಿಸ್ಕಿನಲ್ಲಿ ಹನ್ನೆರಡು ಗಂಟೆಯ ಹಾಡುಗಳು ಹಿಡಿಸುತ್ತಿದ್ದವು. ಆ ದಿನಗಳಲ್ಲಿ ಎಂಪಿ3 ಅಲ್ಲದೆ ಬೇರೆ ದಾರಿಯಿರಲಿಲ್ಲ. ಅದನ್ನು ಆರಿಸಿಕೊಂಡವರು ಸರಿಯಾಗಿಯೇ ಆರಿಸಿಕೊಂಡರು. ಆದರೆ ಅದು ಜಾಗ ಮತ್ತು ತಂತಿಯ ಕೊರತೆಗೆ ಕಂಡುಕೊಂಡ ಪರಿಹಾರವಾಗಿತ್ತು. ಕೊರತೆ ನೀಗಿದ ಮೇಲೂ ಅದನ್ನೇ ಸಂರಕ್ಷಣೆಯ ರೂಪವೆಂದು ಮುಂದುವರಿಸಲು ಕಾರಣ ಉಳಿದಿಲ್ಲ.

ನಷ್ಟ ಆಗುವ ಬಗೆ

ಜೋರಾದ ದನಿಯೊಂದು ತನ್ನ ಆಸುಪಾಸಿನ ಕಂಪನಾಂಕಗಳ ಸಣ್ಣ ದನಿಗಳನ್ನು ಕಿವಿಯಿಂದ ಮರೆಮಾಡುತ್ತದೆ ಎಂಬ ಶ್ರವಣಗುಣವೇ ನಷ್ಟದ ಕುಗ್ಗಿಸುವಿಕೆಗೆ ತಳಹದಿ. ಎಂಪಿ3 ಸಂಗೀತವನ್ನು 1,152 ಮಾದರಿಗಳ ತುಂಡುಗಳಾಗಿ ಕತ್ತರಿಸುತ್ತದೆ. ಸಿಡಿಯ ದರದಲ್ಲಿ ಒಂದು ತುಂಡು ಸುಮಾರು 26 ಮಿಲಿಸೆಕೆಂಡ್. ಪ್ರತಿ ತುಂಡಿನಲ್ಲೂ ಯಾವುದು ಕೇಳಿಸುತ್ತದೆ, ಯಾವುದು ಮರೆಯಾಗುತ್ತದೆ ಎಂದು ನಿರ್ಣಯಿಸಿ ಮರೆಯಾಗುವುದನ್ನು ಒರಟಾಗಿ ಬರೆಯುತ್ತದೆ, ಇಲ್ಲವೇ ಕೈಬಿಡುತ್ತದೆ. ಹೀಗೆ ಒರಟಾಗಿ ಬರೆದದ್ದರಿಂದ ಹುಟ್ಟುವ ಸದ್ದು ಇಡೀ ತುಂಡಿಗೆ ಹರಡಿಕೊಳ್ಳುತ್ತದೆ. ಮೃದಂಗ ಅಥವಾ ತಬಲಾದ ಹೊಡೆತ ತುಂಡಿನ ನಡುವೆ ಬಿದ್ದರೆ, ಹೊಡೆತಕ್ಕೆ ಮೊದಲೇ ಅದರ ಮಸುಕು ನೆರಳೊಂದು ಕೇಳಿಬರುವ ಸಾಧ್ಯತೆ ಇದೆ. ಇದನ್ನು ತಡೆಯಲು ಎನ್‌ಕೋಡರುಗಳು, ಅಂದರೆ ಕುಗ್ಗಿಸುವ ತಂತ್ರಾಂಶಗಳು, ಹೊಡೆತ ಬಂದಲ್ಲಿ ಚಿಕ್ಕ ತುಂಡುಗಳಿಗೆ ಹೊರಳುತ್ತವೆ, ಆದರೆ ಕಡಿಮೆ ಬಿಟ್ ದರದಲ್ಲಿ ಆ ಉಪಾಯ ಸಾಲುವುದಿಲ್ಲ. ತಂಬೂರಿಯ ಜೀವಾಳಿಯಿಂದ ಏಳುವ ಸೂಕ್ಷ್ಮ ಅನುಸ್ವರಗಳೂ ದಟ್ಟವಾದ ಗಾಯನದಡಿ ಮರೆಯಾಗುವ ದನಿಗಳ ಸಾಲಿಗೇ ಸೇರುತ್ತವೆ. ಹಳೆಯ ತಟ್ಟೆ ಮತ್ತು ಟೇಪುಗಳ ಸಮಸ್ಯೆ ಇನ್ನೂ ಹೆಚ್ಚಿನದು. ಅವುಗಳ ಹಿನ್ನೆಲೆಯ ಸರಸರ ಸದ್ದಿಗೆ ಯಾವ ಕ್ರಮವೂ ಇಲ್ಲದ್ದರಿಂದ ಕುಗ್ಗಿಸುವುದು ಕಷ್ಟ, ಮಿತವಾದ ಬಿಟ್ಟುಗಳಲ್ಲಿ ಅದೇ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ಹೊಸ ಸ್ಟುಡಿಯೋ ಹಾಡಿಗೆ ಸಾಕಾಗುವ 128 ಕಿಲೋಬಿಟ್, 1930ರ ದಶಕದ ತಟ್ಟೆಗೆ ಸಾಲದೆ ಹೋಗುವುದು ಈ ಕಾರಣದಿಂದ.

ಒಮ್ಮೆ ಕುಗ್ಗಿಸಿದ್ದನ್ನು ಮತ್ತೊಮ್ಮೆ ಕುಗ್ಗಿಸಿದಾಗ ನಷ್ಟ ಕೂಡುತ್ತಾ ಹೋಗುತ್ತದೆ. ಎರಡನೆಯ ಎನ್‌ಕೋಡರಿಗೆ ಮೊದಲನೆಯದು ಎಲ್ಲಿ ಕತ್ತರಿಸಿತ್ತು, ಏನನ್ನು ಬಿಟ್ಟಿತ್ತು ಎಂಬುದು ತಿಳಿಯದು. ಮೊದಲನೆಯದು ಉಳಿಸಿಹೋದ ಒರಟುತನವನ್ನೂ ಸಂಗೀತವೆಂದೇ ಭಾವಿಸಿ ಅದು ಹೊಸದಾಗಿ ಕತ್ತರಿಸುತ್ತದೆ. ಎಂಪಿ3 ಡಿಸ್ಕಿನಿಂದ ಪಡೆದ ಹಾಡನ್ನು ಮೊಬೈಲಿಗಾಗಿ ಎಎಸಿ ಮಾಡಿ, ಅದನ್ನು ವಿಡಿಯೋಗೆ ಸೇರಿಸಿ, ಆ ವಿಡಿಯೋದಿಂದ ಮತ್ತೆ ಹಾಡನ್ನು ಹೊರತೆಗೆದರೆ ಅದು ನಾಲ್ಕನೆಯ ತಲೆಮಾರಿನ ಪ್ರತಿ. ಕನ್ನಡದ ಅಪರೂಪದ ಹಾಡುಗಳು ಇಂಟರ್ನೆಟ್ಟಿನಲ್ಲಿ ಹಲವೊಮ್ಮೆ ಇಂಥ ತಲೆಮಾರು ತಪ್ಪಿದ ಪ್ರತಿಗಳಾಗಿಯೇ ಸಿಗುತ್ತವೆ. ಇದಕ್ಕೆ ಪ್ರತಿಯಾಗಿ ನಷ್ಟವಿಲ್ಲದ ಮೂಲವೊಂದು ಉಳಿದಿದ್ದರೆ, ಮುಂದೆ ಯಾವ ಹೊಸ ಫಾರ್ಮ್ಯಾಟ್ ಬಂದರೂ ಅದಕ್ಕೆ ಮೊದಲ ತಲೆಮಾರಿನ ಪ್ರತಿಯನ್ನೇ ಮಾಡಬಹುದು.

ಮೂಲಪ್ರತಿಯ ಪರ, ಆಕ್ಷೇಪಗಳ ಎದುರು

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಕಿವಿಗೆ ವ್ಯತ್ಯಾಸವೇ ತಿಳಿಯದಿದ್ದರೆ ಇಷ್ಟೆಲ್ಲ ಶ್ರಮ ಏಕೆ ಎಂಬುದು. ಇದರಲ್ಲಿ ನಿಜಾಂಶವಿದೆ. ಯಾವುದು ಯಾವುದೆಂದು ಹೇಳದೆ ಕೇಳಿಸುವ ಪರೀಕ್ಷೆಗಳಲ್ಲಿ ಒಳ್ಳೆಯ ಎನ್‌ಕೋಡರ್ ತಯಾರಿಸಿದ 256 ಅಥವಾ 320 ಕಿಲೋಬಿಟ್ ಎಂಪಿ3ಯನ್ನು ಸಿಡಿಯಿಂದ ಬೇರ್ಪಡಿಸಲು ಬಹುಮಂದಿಗೆ ಆಗುವುದಿಲ್ಲ. ಮೆಟ್ರೋದಲ್ಲಿ, ಕಾರಿನಲ್ಲಿ, ಅಡುಗೆಮನೆಯಲ್ಲಿ ಕೇಳಲು ಅಂಥ ಪ್ರತಿ ಸಂಪೂರ್ಣ ಸಾಕು. ಅದನ್ನು ಕೀಳೆಂದು ಹಳಿಯುವುದು ಅನ್ಯಾಯ. ಆದರೆ ಮೂಲಪ್ರತಿಯ ಬಳಕೆ ಇಂದಿನ ಆಲಿಸುವಿಕೆಗೆ ಸೀಮಿತವಲ್ಲ. ನಾಳೆ ಅದರ ಸರಸರ ಸದ್ದನ್ನು ಉತ್ತಮ ತಂತ್ರಾಂಶವೊಂದು ತೊಳೆಯಬಹುದು, ಸಂಶೋಧಕರೊಬ್ಬರು ಗಮಕದ ಏರಿಳಿತವನ್ನು ಅಳೆಯಬಹುದು. ಬಾರ್ಸಿಲೋನಾದ ಪೊಂಪೇವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಿಂದ ನಡೆದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತದ ಧ್ವನಿಮುದ್ರಣಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸುವ ದಾರಿಯನ್ನು ತೆರೆಯಿತು. ಒಂದು ಬಗೆಯ ಆಲಿಸುವಿಕೆಗೆ ಎಷ್ಟು ಬೇಕೆಂದು ಇಂದು ಅಳೆದು ಉಳಿದುದನ್ನು ಎಸೆದರೆ, ಮುಂದಿನ ಉಪಯೋಗಗಳಿಗೆ ನಾವೇ ಮಿತಿ ಹಾಕಿದಂತಾಗುತ್ತದೆ.

ಎರಡನೆಯ ಆಕ್ಷೇಪ ಜಾಗ ಮತ್ತು ಖರ್ಚಿನದು. ಇದಕ್ಕೆ ಲೆಕ್ಕವೇ ಉತ್ತರ. ಒಂದು ಗಂಟೆ ಅವಧಿಯ ಐನೂರು ಕ್ಯಾಸೆಟ್ಟುಗಳಿರುವ ಸಂಗ್ರಹವೊಂದನ್ನು ಊಹಿಸಿಕೊಳ್ಳೋಣ. 48 ಕಿಲೋಹರ್ಟ್ಸ್, 24 ಬಿಟ್, ಎರಡು ವಾಹಿನಿಯ ಕುಗ್ಗಿಸದ ರೂಪದಲ್ಲಿ ಅದಕ್ಕೆ ಸುಮಾರು 520 ಗಿಗಾಬೈಟ್ ಬೇಕು. ಫ್ಲಾಕ್ ಮಾಡಿದರೆ ಅದು ಇನ್ನೂ ಇಳಿದು ಒಂದು ಟೆರಾಬೈಟಿನ ಸಾಮಾನ್ಯ ಡಿಸ್ಕಿನಲ್ಲಿ ಸಲೀಸಾಗಿ ಕೂರುತ್ತದೆ. 128 ಕಿಲೋಬಿಟ್ ಎಂಪಿ3ಯಲ್ಲಿ ಇದೆಲ್ಲ 29 ಗಿಗಾಬೈಟಿಗೆ ಮುಗಿಯುತ್ತದೆ ನಿಜ, ಆದರೆ ಉಳಿಯುವ ಜಾಗದ ಬೆಲೆ ಐನೂರು ಗಂಟೆ ಕುಳಿತು ಕ್ಯಾಸೆಟ್ಟುಗಳನ್ನು ನುಡಿಸಿ ಇಳಿಸಿಕೊಂಡ ಶ್ರಮದ ಮುಂದೆ ಏನೇನೂ ಅಲ್ಲ. ದುಬಾರಿಯಾದದ್ದು ಮನುಷ್ಯರ ಸಮಯ. ಆ ಸಮಯವನ್ನು ಎರಡನೆಯ ಬಾರಿ ಖರ್ಚು ಮಾಡಬೇಕಾಗಿ ಬಂದಾಗ ಕ್ಯಾಸೆಟ್ಟುಗಳು ನುಡಿಯುವ ಸ್ಥಿತಿಯಲ್ಲಿ ಇರುತ್ತವೆ ಎಂಬ ಭರವಸೆಯೂ ಇಲ್ಲ.

ಮೂರನೆಯ ಆಕ್ಷೇಪ, ಫ್ಲಾಕ್ ಎಲ್ಲ ಯಂತ್ರಗಳಲ್ಲೂ ನುಡಿಯುವುದಿಲ್ಲ ಎಂಬುದು. ಒಂದು ಕಾಲಕ್ಕೆ ಇದು ಸತ್ಯವಾಗಿತ್ತು. ಆಂಡ್ರಾಯ್ಡ್ 2011ರಿಂದ, ವಿಂಡೋಸ್ 2015ರಿಂದ, ಐಫೋನ್ 2017ರಿಂದ ಅದನ್ನು ನೇರವಾಗಿ ಓದುತ್ತಿವೆ. 2024ರ ಡಿಸೆಂಬರಿನಲ್ಲಿ ಇಂಟರ್ನೆಟ್ ಮಾನಕಗಳ ಸಂಸ್ಥೆ ಆರ್‌ಎಫ್‌ಸಿ 9639 ಎಂಬ ದಾಖಲೆಯಾಗಿ ಅದರ ರಚನೆಯನ್ನು ಪ್ರಕಟಿಸಿದೆ. ಹಳೆಯ ಕಾರಿನ ಪ್ಲೇಯರಿಗೆ ಎಂಪಿ3 ಬೇಕಾದರೆ ಮೂಲದಿಂದ ಅದನ್ನು ತಯಾರಿಸಿ ಪೆನ್‌ಡ್ರೈವಿಗೆ ಹಾಕಬಹುದು. ಎಂಪಿ3ಯ ಪೇಟೆಂಟ್ ಪರವಾನಗಿ ಯೋಜನೆ 2017ರಲ್ಲೇ ಕೊನೆಗೊಂಡಿದ್ದು ಅದರ ಬಳಕೆಗೂ ಈಗ ಅಡ್ಡಿಯಿಲ್ಲ. ದೊಡ್ಡ ಸಂಸ್ಥೆಗಳು ಬ್ರಾಡ್‌ಕಾಸ್ಟ್ ವೇವ್ ಅನ್ನು ಆರಿಸುತ್ತವೆ. ಅಂತರರಾಷ್ಟ್ರೀಯ ಧ್ವನಿ ಮತ್ತು ದೃಶ್ಯಶ್ರಾವ್ಯ ಭಂಡಾರಗಳ ಸಂಘ ಐಎಎಸ್‌ಎ ತನ್ನ ಟಿಸಿ-04 ಮಾರ್ಗಸೂಚಿಯಲ್ಲಿ ಅದನ್ನೇ ಶಿಫಾರಸು ಮಾಡಿ, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಇರಲಿ, ಸಾಧ್ಯವಾದಲ್ಲಿ 96 ಕಿಲೋಹರ್ಟ್ಸ್ ಇರಲಿ ಎನ್ನುತ್ತದೆ. ಮನೆ ಮತ್ತು ಸಂಘಗಳ ಸಂಗ್ರಹಕ್ಕೆ ಫ್ಲಾಕ್ ಹೆಚ್ಚು ಅನುಕೂಲ. ಅದು ಜಾಗ ಉಳಿಸುತ್ತದೆ. ಒಳಗಿನ ಸಂಗೀತದ ಗಣಿತದ ಮುದ್ರೆಯೊಂದನ್ನು ಕಡತದಲ್ಲೇ ಇಟ್ಟುಕೊಂಡು, ಹತ್ತು ವರ್ಷಗಳ ನಂತರವೂ ಒಂದು ಬಿಟ್ ಬದಲಾಗಿದೆಯೇ ಎಂದು ಪರೀಕ್ಷಿಸಲು ಅವಕಾಶ ಕೊಡುತ್ತದೆ. ಡಿಸ್ಕಿನ ದೋಷದಿಂದ ಕಡತದ ಒಂದು ತುಂಡು ಕೆಟ್ಟರೆ ಆ ಕ್ಷಣಾರ್ಧದ ಹೊರತು ಉಳಿದದ್ದು ಸಾಮಾನ್ಯವಾಗಿ ನುಡಿಯುತ್ತದೆ.

ಹೆಸರು, ರಾಗ, ಲಿಪಿ

ಪರಿವರ್ತನೆಯಲ್ಲಿ ಧ್ವನಿಯ ನಷ್ಟದ ಬಗ್ಗೆ ಬಹಳ ಚರ್ಚೆ ನಡೆದಿದೆ, ಆದರೆ ಕನ್ನಡ ಸಂಗ್ರಹಗಳ ಮಟ್ಟಿಗೆ ಹೆಚ್ಚು ಹಾನಿ ಆಗುವುದು ಬರಹಕ್ಕೆ. ಹಾಡಿನ ಹೆಸರು, ಗಾಯಕರ ಹೆಸರುಗಳನ್ನು ಕಡತದೊಳಗೆ ಬರೆಯುವ ಟ್ಯಾಗ್ ಪದ್ಧತಿ ಎಂಪಿ3ಗೆ ಬಂದದ್ದು 1996ರಲ್ಲಿ. ಐಡಿ3 ಎಂಬ ಆ ಪದ್ಧತಿಯ ಮೊದಲ ರೂಪದಲ್ಲಿ ಒಟ್ಟು ಜಾಗ 128 ಬೈಟ್, ಗಾಯಕರ ಹೆಸರಿಗೆ ಮೀಸಲು 30 ಬೈಟ್, ಇಂಗ್ಲಿಷೇತರ ಲಿಪಿಗಳಿಗೆ ಯಾವ ಏರ್ಪಾಡೂ ಇಲ್ಲ. ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಮಲ್ಲಿಕಾರ್ಜುನ ಮನಸೂರ’ ಎಂದು ಬರೆಯಲು 52 ಬೈಟ್. ಹಾಗಾಗಿ ಆ ಹೆಸರು ಐಡಿ3ಯ ಮೊದಲ ರೂಪದಲ್ಲಿ ಹಿಡಿಸುವುದೇ ಇಲ್ಲ. 1998ರಲ್ಲಿ ಬಂದ ಎರಡನೆಯ ರೂಪ ಯೂನಿಕೋಡನ್ನು ಒಪ್ಪಿಕೊಂಡಿತಾದರೂ ಹಳೆಯ ತಂತ್ರಾಂಶಗಳು ಎರಡನ್ನೂ ಬೆರೆಸಿ ಬರೆದು ಹೆಸರುಗಳನ್ನು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಸಿದವು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ಕನ್ನಡ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅಂಥ ಪಟ್ಟಿಯನ್ನು ಟ್ಯಾಗ್‌ಗೆ ಸೇರಿಸುವ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳುವುದು ಕಡ್ಡಾಯ. ಫ್ಲಾಕ್ ಬಳಸುವ ವೋರ್ಬಿಸ್ ಟ್ಯಾಗ್‌ಗಳು ಮೊದಲಿನಿಂದಲೂ ಯುಟಿಎಫ್-8ನಲ್ಲೇ ಇರುವುದರಿಂದ ಕನ್ನಡಕ್ಕೆ ಅಲ್ಲಿ ತೊಡಕಿಲ್ಲ. ಸಂಸ್ಥೆಗಳು ಮೆಚ್ಚುವ ಬ್ರಾಡ್‌ಕಾಸ್ಟ್ ವೇವ್‌ನ ಮುಖ್ಯ ವಿವರಣಾ ಭಾಗ ಮಾತ್ರ 256 ಆಸ್ಕಿ ಅಕ್ಷರಗಳಿಗೆ ಸೀಮಿತ. ಕನ್ನಡದ ವಿವರವನ್ನು ಅಲ್ಲಿ ಪ್ರತ್ಯೇಕ ದಾಖಲೆಯಲ್ಲಿ ಇಡಬೇಕಾಗುತ್ತದೆ.

ಲಿಪಿಯ ಜೊತೆಗೆ ವರ್ಗೀಕರಣದ ತೊಂದರೆಯೂ ಇದೆ. ಟ್ಯಾಗ್‌ಗಳು ಪಾಶ್ಚಾತ್ಯ ಜನಪ್ರಿಯ ಸಂಗೀತದ ‘ಕಲಾವಿದ, ಆಲ್ಬಮ್, ಹಾಡು’ ಎಂಬ ಚೌಕಟ್ಟಿನಲ್ಲಿ ರೂಪುಗೊಂಡವು. ಭಾವಗೀತೆಗೆ ಕವಿ ಬೇರೆ, ರಾಗ ಸಂಯೋಜಕರು ಬೇರೆ, ಗಾಯಕರು ಬೇರೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು ಕೆ.ಎಸ್. ನಿಸಾರ್ ಅಹಮದ್ ಅವರ ಹೆಸರಿನಲ್ಲಿ ಹುಡುಕುವವರೂ ಇದ್ದಾರೆ, ಸ್ವರ ಸಂಯೋಜಿಸಿದ ಮೈಸೂರು ಅನಂತಸ್ವಾಮಿಯವರ ಹೆಸರಿನಲ್ಲಿ ಹುಡುಕುವವರೂ ಇದ್ದಾರೆ. ದಾಸರ ಪದಕ್ಕೆ ಅಂಕಿತ ಬೇಕು, ಕಛೇರಿಗೆ ರಾಗ, ತಾಳ, ಪಕ್ಕವಾದ್ಯದವರ ಹೆಸರು ಬೇಕು, ಯಕ್ಷಗಾನಕ್ಕೆ ಪ್ರಸಂಗ, ಭಾಗವತರು, ಮೇಳ ಬೇಕು. ಫ್ಲಾಕ್‌ನಲ್ಲಿ ಇವೆಲ್ಲಕ್ಕೂ ಹೊಸ ಕಲಂಗಳನ್ನು ಸೇರಿಸಿಕೊಳ್ಳಬಹುದು, ಆದರೆ ಅದರಿಂದ ಎಂಪಿ3 ಮಾಡುವಾಗ ಇಂಥ ಕಲಂಗಳನ್ನು ಅನೇಕ ತಂತ್ರಾಂಶಗಳು ಮೌನವಾಗಿ ಕೈಬಿಡುತ್ತವೆ. ಬಳಕೆಯ ಪ್ರತಿಯಲ್ಲಿ ಇದು ಸಹ್ಯ. ಕಾರಿನ ಪ್ಲೇಯರಿನಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುವುದಾದರೆ ಅಲ್ಲಿಗೆ ರೋಮನ್ ಲಿಪಿಯ ಹೆಸರನ್ನೇ ಹಾಕಿದರೂ ತಪ್ಪಿಲ್ಲ. ಮೂಲಪ್ರತಿಯಲ್ಲಿ ಮಾತ್ರ ಕನ್ನಡದ ಪೂರ್ಣ ವಿವರ ಇರಬೇಕು, ಅದರ ಜೊತೆಗೆ ಎಲ್ಲ ವಿವರಗಳ ಒಂದು ಸರಳ ಪಠ್ಯಪಟ್ಟಿಯೂ ಇರಬೇಕು. ಬಾಕೆಯ ಜಾಡಿನಲ್ಲಿ ಮತ್ತೆ ಸಂಚರಿಸಿದ 1984ರ ಕೆಲಸ ಇದಕ್ಕೆ ಸಾಕ್ಷಿ. ಯಾವ ಊರು, ಯಾರು, ಯಾವ ಕಲೆ ಎಂಬ ಬರಹ ಧ್ವನಿಯೊಡನೆ ಉಳಿಯದೆ ಇದ್ದರೆ 46 ವರ್ಷಗಳ ನಂತರ ಅಂಥ ಹೋಲಿಕೆ ಸಾಧ್ಯವಾಗುವುದಿಲ್ಲ. ಹೆಸರಿಲ್ಲದ ಧ್ವನಿಯನ್ನು ಎಷ್ಟೇ ಶುದ್ಧವಾಗಿ ಉಳಿಸಿದರೂ ಸಂಶೋಧನೆಗೆ ಅದು ಅರ್ಧ ಕುರುಡು.

ಸುರುಳಿಯಿಂದ ಕಡತಕ್ಕೆ

ಕ್ಯಾಸೆಟ್ ಅಥವಾ ತಟ್ಟೆಯಿಂದ ಡಿಜಿಟಲ್ ರೂಪಕ್ಕೆ ಬರುವ ಮೊದಲ ಹೆಜ್ಜೆ ಎಲ್ಲ ಪರಿವರ್ತನೆಗಳ ತಾಯಿ. ಇಲ್ಲಿ ಆದ ತಪ್ಪನ್ನು ಮುಂದಿನ ಯಾವ ಫಾರ್ಮ್ಯಾಟೂ ಸರಿಪಡಿಸದು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಪ್ಲೇಯರ್ ಶೇಕಡಾ 6ರಷ್ಟು ಜೋರಾಗಿ ಓಡಿದರೆ ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ, ಲಯವೂ ಅಷ್ಟೇ ಚುರುಕಾಗುತ್ತದೆ, ಕಂಠದ ಗುಣವೂ ಬದಲಾಗುತ್ತದೆ. ಟೇಪನ್ನು ಓದುವ ಹೆಡ್ ತುಸು ವಾಲಿದ್ದರೆ ಮೇಲಿನ ಸ್ಥಾಯಿಯ ಹೊಳಪು ಮಂಕಾಗುತ್ತದೆ. ಕ್ಯಾಸೆಟ್ಟಿನ ಧ್ವನಿಯ ವ್ಯಾಪ್ತಿ 16 ಬಿಟ್‌ಗಿಂತ ಬಹಳ ಕಡಿಮೆಯಾದ್ದರಿಂದ 24 ಬಿಟ್ ಅತಿಯಾಯಿತು ಎಂಬ ವಾದವಿದೆ. ಕೇಳುವ ದೃಷ್ಟಿಯಿಂದ ಅದು ಸರಿಯೇ. ಆದರೆ ಇಳಿಸಿಕೊಳ್ಳುವಾಗ ಮಟ್ಟವನ್ನು ತಗ್ಗಿಸಿಟ್ಟು, ಹಠಾತ್ತನೆ ಏರುವ ದನಿ ತುಂಡಾಗದಂತೆ ನೋಡಿಕೊಳ್ಳಲು 24 ಬಿಟ್ ಅವಕಾಶ ಕೊಡುತ್ತದೆ. ಕ್ಯಾಸೆಟ್ಟಿಗೆ 96 ಕಿಲೋಹರ್ಟ್ಸ್ ಬೇಡ. 48 ಕಿಲೋಹರ್ಟ್ಸ್, 24 ಬಿಟ್ ಸಾಕು. ಸದ್ದು ತೊಳೆಯುವ ಕೆಲಸವನ್ನು ಮೂಲದ ಮೇಲೆ ಮಾಡದೆ ಪ್ರತಿಯ ಮೇಲೆ ಮಾಡಬೇಕು, ಏಕೆಂದರೆ ಇಂದಿನ ತಂತ್ರಾಂಶ ಸರಸರ ಸದ್ದಿನ ಜೊತೆ ತಂಬೂರಿಯನ್ನೂ ಕೊಂಡೊಯ್ಯಬಹುದು. ಇವೆಲ್ಲವನ್ನೂ ಬೇಗ ಮಾಡಬೇಕಾದ ಒತ್ತಡವೂ ಇದೆ. ಕಾಂತೀಯ ಟೇಪುಗಳು ಕೆಡುತ್ತಿವೆ, ನುಡಿಸುವ ಯಂತ್ರಗಳ ಬಿಡಿಭಾಗಗಳು ಸಿಗುತ್ತಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರ 2025ನ್ನೇ ಗಡುವೆಂದು ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೋದ ಮಾಹಿತಿ ಕಾರ್ಯಕ್ರಮ ಮತ್ತು ಐಎಎಸ್‌ಎ ಜೊತೆಗೂಡಿ ಜಾಗತಿಕ ಎಚ್ಚರಿಕೆಯ ಯೋಜನೆಯೊಂದನ್ನು ನಡೆಸಿದವು. ದೆಹಲಿಯ ಬೇಸಿಗೆಯ ಸುಡುಬಿಸಿಲು, ಧೂಳು, ಅದರ ಹಿಂದೆಯೇ ಬರುವ ಮಳೆಗಾಲದ ತೇವ ಟೇಪುಗಳಿಗೆ ಒಗ್ಗುವ ಹವೆಯಲ್ಲ.

ಹಕ್ಕು, ಸ್ಟ್ರೀಮಿಂಗ್ ಮತ್ತು ಜವಾಬ್ದಾರಿ

ಸ್ವಂತ ಕ್ಯಾಸೆಟ್ ಅಥವಾ ಸಿಡಿಯನ್ನು ಸ್ವಂತ ಬಳಕೆಗಾಗಿ ಕಡತ ಮಾಡಿಕೊಳ್ಳುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ನ್ಯಾಯಯುತ ಬಳಕೆಯ ವಿನಾಯಿತಿ ಆಸರೆಯಾಗುತ್ತದೆ. 2012ರ ತಿದ್ದುಪಡಿಯಿಂದ, ತಮ್ಮಲ್ಲಿ ಈಗಾಗಲೇ ಇರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಲು ಲಾಭರಹಿತ ಸಾರ್ವಜನಿಕ ಗ್ರಂಥಾಲಯಗಳಿಗೂ ಅವಕಾಶ ದೊರೆತಿದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1960ರಲ್ಲಿ ಪ್ರಕಟವಾದದ್ದರ ಹಕ್ಕು 2020ರ ಕೊನೆಗೆ ಮುಗಿದಿದೆ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕುಗಳು ಪ್ರತ್ಯೇಕ, ಅವು ರಚಿಸಿದವರ ನಿಧನದ ನಂತರವೂ 60 ವರ್ಷ ಇರುತ್ತವೆ. ಆದ್ದರಿಂದ ಸಂರಕ್ಷಿಸುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ ಎಂಬ ಎಚ್ಚರ ಸಂಗ್ರಹಕಾರರಿಗೆ ಇರಬೇಕು.

ಎಲ್ಲವೂ ಸ್ಟ್ರೀಮಿಂಗ್‌ನಲ್ಲಿ ಸಿಗುವಾಗ ಮನೆಯಲ್ಲಿ ಕಡತಗಳೇಕೆ ಎಂಬುದು ಕೊನೆಯ ಆಕ್ಷೇಪ. ಸ್ಟ್ರೀಮಿಂಗ್ ಸೇವೆ ಆಲಿಸಲು ಕೊಡುವ ಅನುಮತಿ. ಅದು ವ್ಯಾಪಾರದ ಆಯುಷ್ಯಕ್ಕೆ ಕಟ್ಟುಬಿದ್ದದ್ದು. ರಾಜಧಾನಿ ವಲಯದಿಂದಲೇ ನಡೆಯುತ್ತಿದ್ದ ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ 2014ರಲ್ಲಿ ಆರಂಭವಾಗಿ 2024ರಲ್ಲಿ ನಿಂತಿತು. ಅಲ್ಲದೆ ಆ ಸೇವೆಗಳಲ್ಲಿ ಇರುವುದು ಪ್ರಕಟವಾದ, ಹಕ್ಕುದಾರರಿರುವ, ಬೇಡಿಕೆಯಿರುವ ಸಂಗೀತ. ಸಂಘವೊಂದರ ಗಣೇಶೋತ್ಸವದಲ್ಲಿ ಮುದ್ರಿಸಿಕೊಂಡ ಕಛೇರಿ, 1977ರಿಂದ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದ ಬಿ.ವಿ. ಕಾರಂತರು ಬೆಳೆಸಿದಂಥ ರಂಗಸಂಗೀತದ ತಾಲೀಮು, ಮನೆಯ ಹಿರಿಯರ ಹಾಡು ಯಾವ ಕಂಪನಿಯ ಪಟ್ಟಿಗೂ ಬರುವುದಿಲ್ಲ. ಇಂಥವುಗಳಿಗೆ ಕೈಯಲ್ಲಿರುವ ಕಡತವೇ ಏಕೈಕ ಪ್ರತಿ. ಒಂದೇ ಪ್ರತಿಯನ್ನು ಒಂದೇ ಕಡೆ ಇಡುವುದೂ ಅಪಾಯ. 2023ರ ಜುಲೈಯಲ್ಲಿ ಯಮುನೆ 208.66 ಮೀಟರಿನ ದಾಖಲೆ ಮಟ್ಟಕ್ಕೇರಿ ದೆಹಲಿಯ ತಗ್ಗು ಪ್ರದೇಶಗಳಿಗೆ ನುಗ್ಗಿತು. ದೆಹಲಿಯ ಕನ್ನಡ ಕುಟುಂಬವೊಂದು ಮೂಲಪ್ರತಿಯ ಒಂದು ಡಿಸ್ಕನ್ನು ಮನೆಯಲ್ಲಿ, ಇನ್ನೊಂದನ್ನು ಕರ್ನಾಟಕದ ತನ್ನ ಊರಿನಲ್ಲಿ ಇಟ್ಟು, ವರ್ಷಕ್ಕೊಮ್ಮೆ ಎರಡನ್ನೂ ಪರೀಕ್ಷಿಸಿದರೆ ಆ ಅಪಾಯ ಬಹುಪಾಲು ತಗ್ಗುತ್ತದೆ.

ಹೀಗೆ ನೋಡಿದಾಗ ಕೆಲಸದ ಕ್ರಮ ಸ್ಪಷ್ಟ. ಕೈಯಲ್ಲಿರುವುದರಲ್ಲಿ ಮೂಲಕ್ಕೆ ಅತ್ಯಂತ ಹತ್ತಿರವಾದದ್ದು ಯಾವುದೆಂದು ಮೊದಲು ಗುರುತಿಸಬೇಕು. ಎಂಪಿ3 ಡಿಸ್ಕೊಂದೇ ಉಳಿದಿದ್ದರೆ ಆ ಎಂಪಿ3ಯೇ ಮೂಲ, ಅದನ್ನು ಹಾಗೆಯೇ ಇಡಬೇಕು. ಸುರುಳಿ ಅಥವಾ ಸಿಡಿ ಇದ್ದರೆ ನಷ್ಟವಿಲ್ಲದ ಪ್ರತಿ ಮಾಡಿ, ವಿವರಗಳನ್ನು ಕನ್ನಡದಲ್ಲಿ ತುಂಬಿ, ಎರಡು ಕಡೆ ಇಟ್ಟು, ಆಮೇಲಷ್ಟೇ ಬಳಕೆಯ ಪ್ರತಿಗಳಿಗೆ ಕೈ ಹಾಕಬೇಕು. ಇದರಲ್ಲಿ ಯಂತ್ರದ ಪಾಲಿನ ಕೆಲಸ ದಿನದಿಂದ ದಿನಕ್ಕೆ ಸುಲಭವಾಗುತ್ತಿದೆ. ಎಫ್‌ಎಫ್‌ಎಂಪೆಗ್, ಆಡಾಸಿಟಿಯಂಥ ಮುಕ್ತ ತಂತ್ರಾಂಶಗಳಿಂದ ಅದು ಖರ್ಚಿಲ್ಲದೆ ಆಗುತ್ತದೆ. ಮನುಷ್ಯರ ಪಾಲಿನ ಕೆಲಸ ಮಾತ್ರ ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ. ಚೀಟಿಯಿಲ್ಲದ ಸುರುಳಿಯಲ್ಲಿ ಹಾಡುತ್ತಿರುವವರು ಯಾರು, ಪಿಟೀಲು ಯಾರದು, ಯಾವ ವರ್ಷದ ಯಾವ ಸಭೆ ಎಂದು ಹೇಳಬಲ್ಲವರು ಇಂದು ಎಪ್ಪತ್ತು ಎಂಬತ್ತರ ವಯಸ್ಸಿನವರು. ಕಡತವನ್ನು ಐದು ವರ್ಷ ತಡವಾಗಿಯೂ ಪರಿವರ್ತಿಸಬಹುದು. ಅವರನ್ನು ಕೂರಿಸಿಕೊಂಡು ಕೇಳಿಸಿ ಬರೆದುಕೊಳ್ಳುವ ಕೆಲಸವನ್ನು ದೆಹಲಿಯ ಭಂಡಾರಗಳೂ ಕನ್ನಡ ಸಂಘಗಳೂ ಮನೆಗಳೂ ಈ ವರ್ಷವೇ ಕೈಗೆತ್ತಿಕೊಳ್ಳಬೇಕು.